ಉಚ್ಚಾರಣಶುದ್ಧಿಯಲ್ಲಿ ಶ್ರವಣ-ದರ್ಶನಗಳ ಉಪಯೋಗ: ಒಂದು ಚಾರಿತ್ರಿಕ ವಿಮರ್ಶೆ

(೧) ವಿಷಯಪ್ರವೇಶ

ತಾನಾಡಿದ ಮಾತನ್ನು ತಾನೇ ಪರರಂತೆ ಕೇಳುವುದು, ಆಡುವಾಗಿನ ತನ್ನ ಮುಖವನ್ನು ತಾನೇ ಪರರಂತೆ ನೋಡುವುದು, ಇವೆರಡೂ ಮನುಷ್ಯನಿಗೆ ಬಹಳ ಈಚೆಗೆ ಲಭಿಸಿದ ಶಕ್ತಿಗಳು. ಕನ್ನಡಿಯು ಪುರಾತನವಾದುದೇ ಸರಿ. ಆದರೆ ಅದರಲ್ಲಿ ಕಂಡ ಬಿಂಬವು ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ಕಣಿವೆಗಳಲ್ಲಿ ಕೂಗಿದರೆ ಪ್ರತಿಧ್ವನಿಯು ಮರಳಿ ಬರುವುದೂ ಉಂಟು. ಆದರೆ ಅದನ್ನು ಪುನಃ ಪುನಃ ಕೇಳಿ ಪರೀಕ್ಷಿಸುವಂತಿಲ್ಲ. ಈಗಲಾದರೋ ಅಂಗೈಯಲ್ಲಿ ಹಿಡಿಯುವ ಮೊಬೈಲು ಯಂತ್ರವೊಂದೇ ಧ್ವನಿಯನ್ನೂ ಚಲಚ್ಚಿತ್ರವನ್ನೂ ಮುದ್ರಿಸಿಕೊಂಡು, ಬೇಕೆಂದಾಗ, ಬೇಕೆಂದಷ್ಟು ನಿಧಾನವಾಗಿ ತೋರಿಸುತ್ತದೆ. ಇದರ ಸಹಾಯದಿಂದ ಉಚ್ಚಾರಣೆಯನ್ನು ತಿದ್ದಿಕೊಳ್ಳುವ ಕ್ರಮವು ಪಾಠಶಾಲೆಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ಬಳಕೆಗೆ ಬಂದಿದೆ.

ಈ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಿವೆ. ಇದು ಕೇವಲ ಪರದೇಶದ ಯಂತ್ರವಿದ್ಯೆ, ಗುರುಮುಖದಿಂದ ಕಲಿಯುವ ನಮ್ಮ ಸಂಪ್ರದಾಯಕ್ಕೆ ವಿರುದ್ಧವಾದುದು ಎಂಬುದು ಒಂದು ಪಕ್ಷ. ಯಂತ್ರವು ಬಂದ ಮೇಲೆ ಗುರುವಿನಿಂದೇನು ಪ್ರಯೋಜನ ಎಂಬುದು ಇನ್ನೊಂದು. ಇವೆರಡನ್ನೂ ಚರಿತ್ರೆಯ ಆಧಾರದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ನನಗೆ ಒದಗಿದ ಒಂದು ಅನುಭವವು ಈ ವಿಚಾರಕ್ಕೆ ಪ್ರೇರಣೆಯನ್ನಿತ್ತಿತು. ಅದು ನನಗೆ ಗೌರವವನ್ನು ತರುವಂಥದಲ್ಲ. ಆದರೂ ವಿಷಯಕ್ಕೆ ಅಂಗವಾದುದರಿಂದ ಅದನ್ನು ಮರೆಮಾಚದೆ ಯಥಾಸ್ಥಾನದಲ್ಲಿ ಹೇಳುತ್ತೇನೆ.

(೨) ಶಿಕ್ಷಾಶಾಸ್ತ್ರದಲ್ಲಿ ಕಿವಿ, ಕಣ್ಣು, ಕೈ

ವೇದಾಂಗಗಳಾರರಲ್ಲಿ ಶಿಕ್ಷೆಯು ಒಂದೆಂಬುದು ವಿದ್ವಜ್ಜನರಿಗೆ ತಿಳಿದ ಸಂಗತಿಯೇ. ವರ್ಣ, ಸ್ವರ, ಮಾತ್ರೆ, ಬಲ ಮೊದಲಾದುವುಗಳ ನಿರ್ಣಯವೇ ಅದರ ವಿಷಯ. ಪಾಣಿನೀಯವೆಂದು ಪ್ರಸಿದ್ಧವಾದ ಶಿಕ್ಷೆಯು ವರ್ಣಗಳಿಗೆ ಎಂಟು ಸ್ಥಾನಗಳನ್ನು ಎಣಿಸುತ್ತದೆ; ರಾಗವಾಗಿ ಹಾಡುವವನು, ಅವಸರದಿಂದ ಓದುವವನು, ತಲೆಯಲ್ಲಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವರಿಯದವನು, ಕ್ಷೀಣಕಂಠದವನು ಎಂಬ ಆರು ಬಗೆಯ ಪಾಠಕರನ್ನು ಅಧಮರೆಂದು ಹೇಳುತ್ತದೆ. ಹೆಣ್ಣುಹುಲಿಯು ಮರಿಯನ್ನು ಬೀಳಿಸಲೂ ಬಾರದು, ಹಲ್ಲು ನಾಟಿಸಲೂ ಬಾರದು ಎಂಬ ಎಚ್ಚರದಿಂದ ಒಯ್ಯುವಂತೆ ವರ್ಣಗಳನ್ನು ಪ್ರಯೋಗಿಸಬೇಕೆಂಬ ಉಪಮಾನವೂ ಅಲ್ಲಿಯದೇ. ಋಕ್ಪ್ರಾತಿಶಾಖ್ಯದ ೧೪ನೆಯ ಪಟಲವು ಉಚ್ಚಾರಣದೋಷಗಳಿಗೂ ೧೫ನೆಯ ಪಟಲವು ಗುರುಶಿಷ್ಯರ ಅಧ್ಯಯನಕ್ರಮಕ್ಕೂ ಮೀಸಲಾಗಿವೆ. ದೋಷದ ಲಕ್ಷಣವನ್ನು ಮೊದಲು ಹೇಳಿ ಅಭ್ಯಾಸದ ಕ್ರಮವನ್ನು ಆಮೇಲೆ ಹೇಳಿರುವ ಈ ಅನುಕ್ರಮವು ಗಮನಾರ್ಹವಾಗಿದೆ.

ಇಲ್ಲಿ ನಾವು ವಿಶೇಷವಾಗಿ ಪರಿಶೀಲಿಸಬೇಕಾದುದು ಯಾವುದೆಂದರೆ, ಪ್ರಾಚೀನರು ಉಚ್ಚಾರಣವನ್ನು ಕಿವಿಯೊಂದಕ್ಕೇ ಬಿಟ್ಟಿರಲಿಲ್ಲ. ಶುಕ್ಲಯಜುರ್ವೇದಿಗಳು ಉದಾತ್ತಾದಿ ಸ್ವರಗಳನ್ನು ಹಸ್ತಚಾಲನೆಯಿಂದ ತೋರಿಸುತ್ತಾರೆ. ನಾರದೀಯಶಿಕ್ಷೆಯು ದಾರುವೀಣೆ, ಗಾತ್ರವೀಣೆ ಎಂದು ಎರಡು ವೀಣೆಗಳನ್ನು ಹೇಳಿ, ಸಾಮಗಾನದಲ್ಲಿ ಕೈಬೆರಳುಗಳೇ ಸ್ವರಸ್ಥಾನಗಳೆಂದು ವಿಧಿಸುತ್ತದೆ. ಹಸ್ತವಿಲ್ಲದೆ ಅಧ್ಯಯನ ಮಾಡುವವನನ್ನು ಪಾಣಿನೀಯಶಿಕ್ಷೆಯು ನಿಂದಿಸುತ್ತದೆ. ಕೇರಳದ ನಂಬೂದಿರಿಗಳಲ್ಲಿ ಗುರುವು ಶಿಷ್ಯನ ತಲೆಯನ್ನು ಕೈಯಿಂದ ಹಿಡಿದು ಸ್ವರಾನುಸಾರವಾಗಿ ಬಾಗಿಸಿ ಕಲಿಸುವ ಪದ್ಧತಿಯಿದೆ. ಇವುಗಳ ತಾತ್ಪರ್ಯವೇನು? ಶಿಷ್ಯನ ಕಂಠದಲ್ಲಿ ಆದ ತಪ್ಪು ಗುರುವಿನ ಕಣ್ಣಿಗೂ ಕಾಣಬೇಕು. ಗುರುವಿನ ಸಂಕೇತವು ಶಿಷ್ಯನ ಕಣ್ಣಿಗೂ ಮೈಗೂ ತಿಳಿಯಬೇಕು. ಆದುದರಿಂದ ಶ್ರವಣ-ದರ್ಶನಗಳೆರಡರಿಂದಲೂ ಉಚ್ಚಾರಣವನ್ನು ತಿದ್ದುವ ತತ್ತ್ವವು ನಮಗೆ ಹೊಸದಲ್ಲ.

ಹೊಸದಾವುದೆಂದರೆ, ಶಿಷ್ಯನು ತನ್ನನ್ನು ತಾನೇ ಹೊರಗಿನಿಂದ ಕೇಳುವುದು. ಪ್ರಾಚೀನ ಪದ್ಧತಿಯಲ್ಲಿ ಶಿಷ್ಯನ ಧ್ವನಿಯನ್ನು ಹೊರಗಿನಿಂದ ಕೇಳುವವನು ಗುರುವೊಬ್ಬನೇ. ಗುರುವಿನಲ್ಲಿಯೇ ದೋಷವು ನೆಲಸಿ, ಅವನ ಗುರುವೂ ದಿವಂಗತನಾಗಿದ್ದರೆ, ಅದನ್ನು ತೋರಿಸುವವರಾರು? ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಲಕ್ಷಣವಾಕ್ಯಗಳಿವೆಯೇ ಹೊರತು ಸಾಧನವಿಲ್ಲ.

(೩) ಯಂತ್ರಗಳ ಚರಿತ್ರೆ

ಧ್ವನಿಯನ್ನು ಮೊದಲು ಹಿಡಿದಿಟ್ಟುದು ಕಿವಿಗಾಗಿ ಅಲ್ಲ, ಕಣ್ಣಿಗಾಗಿ. ಫ್ರಾನ್ಸ್ ದೇಶದ ಲಿಯೋನ್ ಸ್ಕಾಟ್ ಎಂಬವನು ೧೮೫೭ರಲ್ಲಿ ಧ್ವನಿಯ ಕಂಪನಗಳನ್ನು ಮಸಿಹಿಡಿದ ಕಾಗದದ ಮೇಲೆ ರೇಖೆಗಳಾಗಿ ಬರೆಯುವ ಯಂತ್ರವನ್ನು ನಿರ್ಮಿಸಿದನು. ಆ ರೇಖೆಯನ್ನು ನೋಡಬಹುದಾಗಿತ್ತು, ಕೇಳುವಂತಿರಲಿಲ್ಲ. ಅವನು ೧೮೬೦ರಲ್ಲಿ ಬರೆಯಿಸಿದ ಒಂದು ಹಾಡಿನ ರೇಖೆಯನ್ನು ೨೦೦೮ರಲ್ಲಿ ಗಣಕಯಂತ್ರದ ಮೂಲಕ ಪುನಃ ಧ್ವನಿಯಾಗಿ ಪರಿವರ್ತಿಸಿ ಕೇಳಲಾಯಿತು. ೧೮೬೭ರಲ್ಲಿ ಅಲೆಗ್ಸಾಂಡರ್ ಮೆಲ್ವಿಲ್ ಬೆಲ್ ಎಂಬವನು, ನಾಲಗೆ ತುಟಿಗಳ ಸ್ಥಿತಿಯನ್ನೇ ಸೂಚಿಸುವ ಒಂದು ಹೊಸ ಲಿಪಿಯನ್ನು ಪ್ರಕಟಿಸಿದನು. ಅವನ ಮಗನಾದ ಗ್ರಹಾಂ ಬೆಲ್ಲನು ಬಾಸ್ಟನ್ನಿನಲ್ಲಿ ಕಿವುಡರಿಗೆ ಮಾತು ಕಲಿಸಲು ಆ ಲಿಪಿಯನ್ನು ಉಪಯೋಗಿಸಿದನು. ೧೮೭೬ರಲ್ಲಿ ಟೆಲಿಫೋನಿಗೆ ಹಕ್ಕನ್ನು ಪಡೆದವನು ಈತನೇ. ಕಿವುಡರ ಕಣ್ಣಿಗೆ ಮಾತನ್ನು ತೋರಿಸಬೇಕೆಂಬ ಕರುಣೆಯಿಂದಲೇ ಈ ಶಾಸ್ತ್ರದ ಬಹುಭಾಗವು ಬೆಳೆಯಿತೆಂಬುದು ಸ್ಮರಣೀಯವಾಗಿದೆ.

೧೮೭೭ರಲ್ಲಿ ಎಡಿಸನ್ನನ ಫೋನೋಗ್ರಾಫು, ೧೮೮೭ರಲ್ಲಿ ಬರ್ಲಿನರನ ಗ್ರಾಮಫೋನು ಹುಟ್ಟಿದುವು. ಹಿಂದೂದೇಶದ ಭಾಷೆಗಳನ್ನು ಪರಿಶೀಲಿಸಿದ ಗ್ರಿಯರ್ಸನ್ ಮಹಾಶಯನ ಪ್ರೇರಣೆಯಿಂದ ನಮ್ಮ ದೇಶದ ಅನೇಕ ಭಾಷೆಗಳ ಧ್ವನಿಯನ್ನು ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿಸಲಾಯಿತು. ಅವುಗಳಲ್ಲಿ ಕನ್ನಡವೂ ಉಂಟು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಧ್ವನಿಯನ್ನು ಅದರ ಅಂಶಗಳಾಗಿ ವಿಭಜಿಸಿ ಚಿತ್ರರೂಪದಲ್ಲಿ ಬರೆಯುವ ಯಂತ್ರವನ್ನು ಸಿದ್ಧಪಡಿಸಿ, ೧೯೪೭ರಲ್ಲಿ ಅದರ ವಿವರವನ್ನು ಗ್ರಂಥವಾಗಿ ಹೊರಡಿಸಿದರು. ೧೯೯೦ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನ ಇಬ್ಬರು ವಿದ್ವಾಂಸರು ರಚಿಸಿದ 'ಪ್ರಾಟ್' ಎಂಬ ಗಣಕಸಾಧನವು ಅಂಥ ಚಿತ್ರಗಳನ್ನು ಯಾರು ಬೇಕಾದರೂ ವೆಚ್ಚವಿಲ್ಲದೆ ಪಡೆಯುವಂತೆ ಮಾಡಿತು.

ಕೇಶಿರಾಜನು ಸುಮಾರು ೧೨೬೦ರ ಶಬ್ದಮಣಿದರ್ಪಣದಲ್ಲಿ, ಜೀವನ ಇಚ್ಛೆಯಿಂದಲೂ ಅನುಕೂಲವಾದ ವಾಯುವಿನಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುತ್ತದೆಂದೂ ಅದರ ಬಣ್ಣವು ಬಿಳಿದೆಂದೂ ಹೇಳಿರುವನು. ಶಬ್ದಕ್ಕೆ ಬಣ್ಣವೆಲ್ಲಿಯದೆಂದು ವಿದ್ಯಾರ್ಥಿಗಳು ನಗುವುದುಂಟು. ಶಬ್ದವು ದ್ರವ್ಯವೆಂಬ ಜೈನಮತದ ಸಿದ್ಧಾಂತವನ್ನನುಸರಿಸಿ ಅವನು ಹಾಗೆ ಹೇಳಿದನೇ ಹೊರತು ಇಂದಿನ ಯಂತ್ರಚಿತ್ರವನ್ನು ಕಂಡಲ್ಲ. ಆದಕಾರಣ ಹಿಂದಿನ ವಾಕ್ಯದಲ್ಲಿ ಇಂದಿನ ಯಂತ್ರವನ್ನು ಹುಡುಕುವ ಅಭ್ಯಾಸವು ತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಪ್ರಾಚೀನರ ಮಹತ್ತ್ವವು ಅವರ ಸೂಕ್ಷ್ಮವಾದ ಕಿವಿಯಲ್ಲಿದೆ. ಅದಕ್ಕೆ ಯಂತ್ರದ ಆರೋಪವು ಬೇಕಾಗಿಲ್ಲ.

(೪) ಮೈಸೂರಿನ ಪಾತ್ರ

ಈ ಚರಿತ್ರೆಯಲ್ಲಿ ನಮ್ಮ ಮೈಸೂರಿಗೆ ಗಣ್ಯವಾದ ಸ್ಥಾನವುಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಗಳು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು. ಕಾಣದ ಶ್ರೋತೃವಿಗೆ ಕಂಠಮಾತ್ರದಿಂದ ತಿಳಿಯಹೇಳಬೇಕಾದ ಈ ಹೊಸ ಸಂದರ್ಭದಲ್ಲಿ ಕನ್ನಡದ ಉಚ್ಚಾರಣೆಗೆ ಹಿಂದಿಲ್ಲದ ಪ್ರಾಮುಖ್ಯವು ಬಂದಿತು. ೧೯೬೫ರಲ್ಲಿ ಮಾನಸಗಂಗೋತ್ರಿಯಲ್ಲಿ ಅಖಿಲಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ತೊದಲು, ಕಿವುಡು, ಸೀಳುತುಟಿ, ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಮಾತು ಕುಂದಿದವರಿಗೆ ಅಲ್ಲಿ ಚಿಕಿತ್ಸೆಯೂ ಶಿಕ್ಷಣವೂ ದೊರೆಯುತ್ತವೆ. ೧೯೬೯ರಲ್ಲಿ ಭಾರತೀಯ ಭಾಷಾಸಂಸ್ಥಾನವು ಅದೇ ಊರಿನಲ್ಲಿ ಸ್ಥಾಪಿತವಾಯಿತು. ಅದರ ಪ್ರಕಟನೆಯಾಗಿ ಯು. ಪಿ. ಉಪಾಧ್ಯಾಯರ ಕನ್ನಡ ಧ್ವನಿಪಾಠವು ೧೯೭೨ರಲ್ಲಿ ಹೊರಬಂದಿತು. ಹೀಗೆ ಒಂದೇ ಪಟ್ಟಣದಲ್ಲಿ, ಸಂಸ್ಕೃತ ಪಾಠಶಾಲೆಯ ಶಿಕ್ಷೆಯೂ ಆಧುನಿಕವಾದ ಧ್ವನಿಶಾಸ್ತ್ರವೂ ಕೆಲವೇ ಮೈಲಿಗಳ ಅಂತರದಲ್ಲಿ ಬಾಳುತ್ತಿವೆ. ಆದರೆ ಇವೆರಡಕ್ಕೂ ಪರಸ್ಪರ ಸಂಭಾಷಣೆಯು ಸಾಲದು. ನಾನು ಪಾಠಶಾಲೆಯ ಕಡೆಯವನು. ಆ ಕೊರತೆಯಲ್ಲಿ ನನ್ನ ಪಾಲೂ ಇದೆ.

(೫) ಯಸಳೂರಿನ ಪ್ರಸಂಗ

ಬೇಸಗೆಯ ರಜೆಯಲ್ಲಿ ಯಸಳೂರಿನಲ್ಲಿ ಮಕ್ಕಳಿಗೆ ಶ್ಲೋಕಪಾಠವನ್ನೂ ಕಾವ್ಯವಾಚನವನ್ನೂ ಹೇಳಿಕೊಡುವುದು ನನ್ನ ರೂಢಿ. ಕಾಫಿತೋಟಗಳ ಲೈನುಮನೆಗಳಿಂದಲೂ ಮಕ್ಕಳು ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಹಕಾರವು ಬರುತ್ತಿರಲಿಲ್ಲ. ಹಸುವನ್ನು 'ಅಸು' ಎಂದೂ ಹಕ್ಕಿಯನ್ನು 'ಅಕ್ಕಿ' ಎಂದೂ ಓದುತ್ತಿದ್ದನು. ಒಂದು ದಿನ ನಾನು ಎಲ್ಲರೆದುರಿಗೆ ಅವನ ಮಾತನ್ನು ಅಣಕಿಸಿ ತೋರಿಸಿದೆನು. ಮಕ್ಕಳು ನಕ್ಕರು. ಹುಡುಗನು ಮರುದಿನದಿಂದ ಬರಲಿಲ್ಲ.

ಬಾರದವರಿಗೆ ಪಾಠವು ತಪ್ಪದಿರಲೆಂದು ದೊಡ್ಡ ಹುಡುಗಿಯೊಬ್ಬಳು ನನ್ನ ಪಾಠವನ್ನು ಮೊಬೈಲಿನಲ್ಲಿ ಚಿತ್ರಸಹಿತವಾಗಿ ಹಿಡಿದು ಕಳುಹಿಸುತ್ತಿದ್ದಳು. ಹುಡುಗನು ಅದನ್ನು ಮನೆಯಲ್ಲಿ ನೋಡಿ ನೋಡಿ ಅಭ್ಯಾಸ ಮಾಡಿದನಂತೆ. ಕೆಲವು ದಿನಗಳ ತರುವಾಯ ಬಂದು, ಹೆದರುತ್ತಲೇ ನನ್ನನ್ನು ಕೇಳಿದನು: "ಮೇಷ್ಟ್ರೇ, 'ಬ್ರಹ್ಮ' ಅಂತ ನೀವು ಬರ್ಸಿದ್ರಲ್ಲಿ ಮ ಕೆಳಗೈತೆ. ಆದ್ರೆ ಅದನ್ನ ಏಳೋವಾಗ ನಿಮ್ಮ ತುಟಿ ಮೊದ್ಲೇ ಮುಚ್ಕೊಂತದಲ್ಲ?"

ನಾನು ಆ ಚಿತ್ರವನ್ನು ನಿಧಾನಗತಿಯಲ್ಲಿ ನೋಡಿದೆನು. 'ಹ್ಮ' ಎಂಬಲ್ಲಿ ತುಟಿಗಳು ತೆರೆದಿರುವಾಗಲೇ ಹಕಾರದ ಉಸಿರು ಹೊರಡಬೇಕು, ಅನಂತರ ಮಕಾರಕ್ಕಾಗಿ ತುಟಿಗಳು ಮುಚ್ಚಬೇಕು. ನನ್ನ ತುಟಿಗಳಾದರೋ ಮೊದಲು ಮುಚ್ಚಿ, ಆಮೇಲೆ ತೆರೆದು ಉಸಿರನ್ನು ಬಿಡುತ್ತಿದ್ದುವು. ನಾನು ಹೇಳುತ್ತಿದ್ದುದು 'ಬ್ರಮ್ಹ'. ಪರೀಕ್ಷಿಸಿದಾಗ 'ವಹ್ನಿ'ಯು 'ವನ್ಹಿ' ಎಂದೂ 'ಆಹ್ಲಾದ'ವು 'ಆಲ್ಹಾದ' ಎಂದೂ ನನ್ನ ಬಾಯಿಂದ ಬರುತ್ತಿದ್ದುವು. ಪಂಚಮವರ್ಣಗಳೊಡನೆಯೂ ಅಂತಸ್ಥಗಳೊಡನೆಯೂ ಕೂಡಿದ ಹಕಾರವು ಎದೆಯಿಂದ ಹುಟ್ಟತಕ್ಕದ್ದು, ಕೂಡದಿರುವುದು ಕಂಠದಿಂದ ಹುಟ್ಟತಕ್ಕದ್ದು ಎಂಬ ಪಾಣಿನೀಯಶಿಕ್ಷೆಯ ವಚನವು ಬಾಲ್ಯದಿಂದ ನನಗೆ ಕಂಠಪಾಠವಾಗಿತ್ತು. ಲಕ್ಷಣವು ಕಂಠದಲ್ಲಿತ್ತು, ಲಕ್ಷ್ಯವು ಬಾಯಲ್ಲಿರಲಿಲ್ಲ. ಹಕಾರಕ್ಕಾಗಿಯೇ ಹುಡುಗನನ್ನು ನಗೆಗೀಡುಮಾಡಿದ ನಾನು ಹಕಾರದಲ್ಲಿಯೇ ತಪ್ಪುತ್ತಿದ್ದೆನು. ಅದೇ ದಿನ ಮಕ್ಕಳೆಲ್ಲರ ಮುಂದೆ ಇದನ್ನು ಒಪ್ಪಿಕೊಂಡೆನು.

ಇಷ್ಟು ಕಾಲ ಇದು ನನ್ನ ಕಿವಿಗೆ ಏಕೆ ಬೀಳಲಿಲ್ಲ? ಕಾರಣಗಳು ಎರಡು. ನಮ್ಮ ಧ್ವನಿಯು ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬುಗಳ ಮೂಲಕವೂ ಕೇಳಿಸುವುದರಿಂದ ಅದರ ಸ್ವರೂಪವು ಪರರಿಗೆ ಕೇಳಿಸುವುದಕ್ಕಿಂತ ಬೇರೆಯಾಗಿರುತ್ತದೆ, ಇದು ಮೊದಲನೆಯದು. ಎರಡನೆಯದು ಹೆಚ್ಚು ಮುಖ್ಯವಾದುದು. ಹೇಳುವಾಗ ಮನಸ್ಸು ಅಕ್ಷರವನ್ನು ತಿಳಿದೇ ಇರುವುದರಿಂದ, ತಾನು ಹೇಳಬೇಕೆಂದುದನ್ನೇ ಹೇಳಿದಂತೆ ಕೇಳಿಕೊಳ್ಳುತ್ತದೆ. ಕಣ್ಣೂ ಕಿವಿಯನ್ನು ವಂಚಿಸಬಲ್ಲುದು: 'ಬಾ' ಎಂಬ ಧ್ವನಿಗೆ 'ಗಾ' ಎನ್ನುವ ಬಾಯಿಯ ಚಿತ್ರವನ್ನು ಜೋಡಿಸಿ ತೋರಿಸಿದರೆ ಬಹುಮಂದಿಗೆ 'ದಾ' ಎಂದು ಕೇಳಿಸುವುದನ್ನು ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ವಿದ್ವಾಂಸರು ೧೯೭೬ರಲ್ಲಿ ಪ್ರಕಟಿಸಿದರು.

(೬) ಹಕಾರದ ಚರಿತ್ರೆ

ಇನ್ನು ಈ ಎರಡು ತಪ್ಪುಗಳ ಕುಲವನ್ನು ವಿಚಾರಿಸೋಣ. ನನ್ನದು ನನ್ನಿಂದ ಹುಟ್ಟಿದುದಲ್ಲ. ಹ್ನ, ಹ್ಲ, ಹ್ಮ ಎಂಬ ಸಂಯುಕ್ತಗಳಲ್ಲಿ ನ, ಲ, ಮಗಳು ಮೊದಲಿಗೆ ಬರುತ್ತವೆಂದು ವರರುಚಿಯು ಪ್ರಾಕೃತಪ್ರಕಾಶದಲ್ಲಿ ಸೂತ್ರಿಸಿರುವನು. ಕ್ರಿ. ಪೂ. ಮೂರನೆಯ ಶತಮಾನದ ಗಿರ್ನಾರದ ಅಶೋಕಶಾಸನದಲ್ಲಿ ಬ್ರಾಹ್ಮಣಶಬ್ದವನ್ನು ಬರೆದಿರುವಲ್ಲಿ ಮಕಾರವು ಹಕಾರಕ್ಕಿಂತ ಮುಂಚೆಯೇ ಇದೆ. ಆದುದರಿಂದ ಸಂಸ್ಕೃತವನ್ನೋದುವ ನನ್ನ ಬಾಯಿ ಪ್ರಾಕೃತದ ನಿಯಮವನ್ನು ಪಾಲಿಸುತ್ತಿದ್ದಿತು. ಕೆಲವು ವೈದಿಕರು ಇದನ್ನೇ ಸಂಪ್ರದಾಯವೆನ್ನುವರು. ಅವರೊಡನೆ ನನಗೆ ವಿವಾದವಿಲ್ಲ. ಸಂಪ್ರದಾಯವೆಂದು ತಿಳಿದು ಹೇಳುವುದು ಬೇರೆ, ತಿಳಿಯದೆ ಹೇಳುವುದು ಬೇರೆ.

ಹುಡುಗನ ತಪ್ಪಿಗೂ ಅಷ್ಟೇ ದೊಡ್ಡ ವಂಶವಿದೆ. ಕನ್ನಡದ ದೇಶ್ಯ, ತದ್ಭವ ಶಬ್ದಗಳ ಆದಿಯಲ್ಲಿ ಈಗ ಕಾಣುವ ಹಕಾರವು ಬಹುತರವಾಗಿ ಹಳಗನ್ನಡದ ಪಕಾರವೇ. ಪಾಲ್ ಎಂಬುದು ಹಾಲು ಆಯಿತು, ಪಸು ಎಂಬುದು ಹಸು ಆಯಿತು. ಇದಕ್ಕೆ ನಮ್ಮ ಹಾಸನದ ಸೀಮೆಯಲ್ಲಿಯೇ ಉತ್ತಮವಾದ ಸಾಕ್ಷ್ಯವಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ. ಶ. ೪೫೦ರದೆಂದು ಎಣಿಸಲ್ಪಟ್ಟಿರುವ ಶಾಸನದಲ್ಲಿ ಆ ಊರಿನ ಹೆಸರು ಪಕಾರದಿಂದ ಆರಂಭವಾಗುತ್ತದೆ. ಊರು ಅದೇ, ಕಲ್ಲಿನ ಮೇಲೆ ಪಕಾರ, ಜನರ ಬಾಯಲ್ಲಿ ಹಕಾರ. ಪಕಾರದಲ್ಲಿ ತುಟಿಗಳು ಮುಚ್ಚುತ್ತವೆ. ಆ ಮುಚ್ಚುಗೆಯು ಸಡಿಲವಾಗಿ ಉಸಿರು ಮಾತ್ರ ಉಳಿದರೆ ಹಕಾರ. ಆ ಉಸಿರೂ ಅಡಗಿದರೆ ಬರಿಯ ಸ್ವರ. ಪಾಲ್, ಹಾಲು, ಆಲು ಇವು ಒಂದೇ ದಾರಿಯ ಮೂರು ನಿಲುಗಡೆಗಳು. ಪಂಪನ ಕಾಲದವರು ನಮ್ಮ 'ಹಾಲು' ಎಂಬ ಮಾತನ್ನು ಕೇಳಿದ್ದರೆ ನಾವು ಲೈನುಮನೆಯ ಹುಡುಗನ 'ಆಲು' ಎಂಬುದನ್ನು ಕಂಡಂತೆಯೇ ಕಾಣುತ್ತಿದ್ದರೇನೋ. ಹಳೆಯ ಮೈಸೂರಿನ ಗ್ರಾಮ್ಯದಲ್ಲಿ ಹಕಾರವಿಲ್ಲದಿರುವುದು ನಾಲಗೆಯ ಸೋಮಾರಿತನವಲ್ಲ. ಭಾಷೆಯ ನಡೆಯಲ್ಲಿ ಒಂದು ಹೆಜ್ಜೆ.

ಹಾಗಾದರೆ ತಿದ್ದುವುದೇ ಬೇಡವೇ? ಬೇಕು, ಆದರೆ ಏನನ್ನು, ಎಲ್ಲಿ ಎಂಬ ವಿವೇಚನೆಯಿರಬೇಕು. ಗ್ರಂಥವನ್ನು ಓದುವಾಗ ಗ್ರಂಥದ ಉಚ್ಚಾರಣೆಯು ಅವಶ್ಯವಾದುದು; ಮನೆಯಲ್ಲಿ ತಾಯಿಯೊಡನೆ ಆಡುವ ಮಾತಿಗೆ ತಾಯಿಯ ಉಚ್ಚಾರಣೆಯೇ ಪ್ರಮಾಣ. ಅಣಕಿಸಿ ತಿದ್ದಿದರೆ ಮಗುವು ಹಕಾರವನ್ನು ಕಲಿಯುವುದಿಲ್ಲ, ಹೆದರಿಕೆಯನ್ನು ಕಲಿಯುತ್ತದೆ. ಹೆದರಿದ ನಾಲಗೆಯು ಇಲ್ಲದೆಡೆಯಲ್ಲಿಯೂ ಹಕಾರವನ್ನು ತಂದು, ಉಣ್ಣುವ ಅಕ್ಕಿಯನ್ನು ಹಾರುವ ಹಕ್ಕಿಯಾಗಿ ಮಾಡುತ್ತದೆ.

(೭) ನಷ್ಟವಾದ ಒಂದು ವರ್ಣ

ಧ್ವನಿಮುದ್ರಣವಿಲ್ಲದ ಕಾಲದಲ್ಲಿ ವರ್ಣವೊಂದು ಹೇಗೆ ಕಣ್ಮರೆಯಾಗುತ್ತದೆಂಬುದಕ್ಕೆ ೞಕಾರವೇ ನಿದರ್ಶನ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಹಳಗನ್ನಡದಲ್ಲಿ ಇವು ಬೇರೆ ಬೇರೆ. ಕೇಶಿರಾಜನು ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬಾಯಲ್ಲಿ ಭೇದವು ಸ್ಪಷ್ಟವಾಗಿದ್ದರೆ ಪಟ್ಟಿಯ ಅಗತ್ಯವೇನಿತ್ತು? ಕಿವಿಯು ಕಳೆದುಕೊಳ್ಳುತ್ತಿದ್ದುದನ್ನು ಅವನು ಓಲೆಯಲ್ಲಿ ಉಳಿಸಿದನು. ಆದರೆ ಓಲೆಯು ಅಕ್ಷರವನ್ನು ಉಳಿಸಿತು, ಧ್ವನಿಯನ್ನು ಉಳಿಸಲಿಲ್ಲ. ಇಂದು ಪಂಪಭಾರತವನ್ನೋದುವ ನಾವು ಬಹುಮಂದಿ ೞಕಾರವನ್ನು ಳಕಾರವಾಗಿಯೇ ಉಚ್ಚರಿಸುತ್ತೇವೆ.

ನಮ್ಮ ಮಳೆಯು ಹಳಗನ್ನಡದಲ್ಲಿ ಮೞೆ. ಮಲೆಯಾಳದವರು ಅದನ್ನು ಈಗಲೂ ೞಕಾರದಿಂದಲೇ ಹೇಳುತ್ತಾರೆ. ನಮ್ಮ ಕಾಫಿಸೀಮೆಯಲ್ಲಿ ಮಲೆಯಾಳವನ್ನಾಡುವವರು ಇಲ್ಲದಿಲ್ಲ. ಅಂಥವರೊಬ್ಬರ ಅನುಮತಿಯನ್ನು ಪಡೆದು ಅವರ ಉಚ್ಚಾರಣೆಯನ್ನು ಚಿತ್ರಸಹಿತವಾಗಿ ಮುದ್ರಿಸಿ, ನನ್ನದನ್ನೂ ಮುದ್ರಿಸಿ, ಒಂದರ ಪಕ್ಕದಲ್ಲೊಂದನ್ನಿಟ್ಟು ಕೇಳಿದೆನು. ಳಕಾರದಲ್ಲಿ ನನ್ನ ನಾಲಗೆಯ ತುದಿ ಮೇಲಂಗುಳನ್ನು ಮುಟ್ಟುತ್ತದೆ. ಅವರ ೞಕಾರದಲ್ಲಿ ನಾಲಗೆಯು ಹಿಂದಕ್ಕೆ ಬಾಗಿ ಅಂಗುಳಿನ ಸಮೀಪಕ್ಕೆ ಹೋಗುತ್ತದೆ, ಮುಟ್ಟುವುದಿಲ್ಲ. ಇಂದಿನ ಮಲೆಯಾಳದ ಧ್ವನಿಯೇ ಪಂಪನ ಧ್ವನಿಯೆಂದು ಸಾಧಿಸಲಾಗದು. ಆದರೆ ಸೋದರಭಾಷೆಗಳ ಸಾಕ್ಷ್ಯವು ನಮ್ಮ ಇಂದಿನ ಳಕಾರಕ್ಕಿಂತ ಅದೇ ಮೂಲಕ್ಕೆ ಹತ್ತಿರವೆಂದು ತಿಳಿಸುತ್ತದೆ. ಹಳಗನ್ನಡವನ್ನು ಪಾಠಹೇಳುವ ಅಧ್ಯಾಪಕರು ಈ ಪ್ರಯೋಗವನ್ನು ಮಾಡಿ ನೋಡಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.

(೮) ಪ್ರಯೋಗಕ್ರಮ ಮತ್ತು ಉಪಸಂಹಾರ

ಅನುಭವದಿಂದ ತಿಳಿದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಚಿತ್ರವು ತುಟಿ ದವಡೆಗಳ ಕೆಲಸವನ್ನು ಚೆನ್ನಾಗಿ ತೋರಿಸುತ್ತದೆ. ಒಳಗಿನ ನಾಲಗೆಯನ್ನು ತೋರಿಸುವುದು ಅಲ್ಪ. ಪ, ಬ, ಮಗಳು ಕಣ್ಣಿಗೆ ಒಂದೇ; ಅವುಗಳ ಭೇದಕ್ಕೆ ಕಿವಿಯೇ ಬೇಕು. ಹ್ರಸ್ವದೀರ್ಘಗಳಿಗೂ ಅಲ್ಪಪ್ರಾಣಮಹಾಪ್ರಾಣಗಳಿಗೂ ಧ್ವನಿಮುದ್ರಣವು ಉತ್ತಮ. ಮಹಾಪ್ರಾಣಕ್ಕೆ ತುಟಿಯ ಮುಂದೆ ಹಿಡಿದ ತೆಳುವಾದ ಕಾಗದವೂ ಸಾಕು, ಪಕಾರಕ್ಕೆ ಅದು ಹೆಚ್ಚು ಅಲುಗದು, ಫಕಾರಕ್ಕೆ ಅಲುಗುತ್ತದೆ. ಮುದ್ರಿಸಿದುದನ್ನು ಹೇಳಿ ಮುಗಿಸಿದ ಮೇಲೆ ಕೇಳಬೇಕು. ಆಡುತ್ತಿರುವಾಗಲೇ ಸ್ವಂತ ಧ್ವನಿಯು ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ಕಿವಿಗೆ ಬಿದ್ದರೆ ಸರಾಗವಾಗಿ ಮಾತನಾಡುವವನೂ ತೊದಲುವನೆಂಬುದನ್ನು ಬರ್ನಾರ್ಡ್ ಲೀ ಎಂಬವನು ೧೯೫೦ರಲ್ಲಿ ತೋರಿಸಿದನು. ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿಯಬೇಕು. ಎಲ್ಲಕ್ಕಿಂತ ಮೊದಲು ಗುರುವು ತನ್ನ ಮುದ್ರಣವನ್ನು ಶಿಷ್ಯರೆದುರಿಗೆ ಕೇಳಿ ತಿದ್ದಿಕೊಂಡು ತೋರಿಸಬೇಕು.

ಈಗ ಆರಂಭದ ಎರಡು ಪಕ್ಷಗಳಿಗೆ ಉತ್ತರವನ್ನು ಹೇಳಬಹುದು. ಕಿವಿ, ಕಣ್ಣು, ಕೈಗಳ ಸಹಕಾರದಿಂದ ಉಚ್ಚಾರಣವನ್ನು ತಿದ್ದುವುದು ನಮ್ಮ ಶಿಕ್ಷಾಶಾಸ್ತ್ರದ ತತ್ತ್ವವೇ ಆದುದರಿಂದ ಯಂತ್ರವು ಸಂಪ್ರದಾಯಕ್ಕೆ ವಿರೋಧಿಯಲ್ಲ. ಯಂತ್ರವು ಇದ್ದುದನ್ನು ತೋರಿಸುತ್ತದೆಯೇ ಹೊರತು ಇರಬೇಕಾದುದನ್ನು ಹೇಳಲಾರದು. ನನ್ನ ಚಿತ್ರದಲ್ಲಿ ತುಟಿಗಳು ಮುಚ್ಚಿದುದು ದೋಷವೆಂದು ತಿಳಿಸಿದುದು ಶಿಕ್ಷೆಯ ವಚನವೇ. ಆದುದರಿಂದ ಗುರುವೂ ಶಾಸ್ತ್ರವೂ ಅನವಶ್ಯಕವಲ್ಲ. ಯಂತ್ರವಿಲ್ಲದ ಶಾಸ್ತ್ರವು ನನ್ನಲ್ಲಿ ಅಷ್ಟು ವರ್ಷ ಸುಮ್ಮನಿದ್ದಿತು. ಶಾಸ್ತ್ರವಿಲ್ಲದ ಯಂತ್ರವು ಬರಿಯ ಚಿತ್ರವಾಗಿ ಉಳಿಯುತ್ತಿದ್ದಿತು.

ಆ ಹುಡುಗನು ರಜೆ ಮುಗಿಯುವ ವೇಳೆಗೆ ಹಕಾರವನ್ನು ಕಲಿತನು. ಓದುವಾಗ 'ಹಸು' ಎನ್ನುತ್ತಾನೆ. ಮನೆಯಲ್ಲಿ 'ಅಸು' ಎನ್ನುತ್ತಾನೆ. ಅದನ್ನು ನಾನೀಗ ದೋಷವೆಂದು ಎಣಿಸುವುದಿಲ್ಲ. ನನಗಾದರೋ ಅವಸರದಲ್ಲಿ ಹಳೆಯ 'ಬ್ರಮ್ಹ'ವೇ ಇನ್ನೂ ಬಾಯಿಗೆ ಬರುವುದುಂಟು. ಆಗ ಅವನು ಏನನ್ನೂ ಹೇಳದೆ ತುಟಿಯ ಮೇಲೆ ಬೆರಳಿಡುತ್ತಾನೆ. ನಾನು ಪುನಃ ಓದುತ್ತೇನೆ. ಈ ಲೇಖನದಲ್ಲಿ ಪ್ರಮಾದಗಳಿದ್ದರೆ ವಿದ್ವಾಂಸರೂ ಹಾಗೆಯೇ ಸೂಚಿಸಿ ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇನೆ.